ಗೆದ್ದದ್ದು ಹಾವುಮೀನಲ್ಲ, ಇರುಳು

ನ್ಯೂಜೆರ್ಸಿಯಿಂದ ಕೇಪ್ ಕಾಡ್‌ವರೆಗಿನ ಅಟ್ಲಾಂಟಿಕ್ ಕರಾವಳಿಯಲ್ಲಿ ಗಾಳದ ಸಾಮಾನು ಮಾರುವ ಯಾವ ಅಂಗಡಿ ಹೊಕ್ಕರೂ ಒಂದು ಉಪದೇಶ ಪುಕ್ಕಟೆ ಸಿಗುತ್ತದೆ. ದೊಡ್ಡ ಮೀನು ಬೇಕಿದ್ದರೆ ಎರೆಗೆ ಈಲ್, ಅಂದರೆ ಹಾವುಮೀನು, ತೆಗೆದುಕೊಂಡು ಹೋಗಿ. ಗೋಡೆಗೆ ತೂಗುಹಾಕಿದ ಪ್ಲಗ್ ಎಂಬ ಬಣ್ಣಬಣ್ಣದ ಕೃತಕ ಎರೆಗಳೆಲ್ಲ ಹಗಲು ಹೊತ್ತಿನಲ್ಲಿ ಮರಿಮೀನುಗಳ ಜತೆ ಆಟವಾಡುವವರಿಗೆ. ಉಪದೇಶ ಪುಕ್ಕಟೆ, ಈಲ್ ಮಾತ್ರ ದುಡ್ಡಿಗೆ. ಅಂಗಡಿಯ ಹಿಂಬದಿಯಲ್ಲಿ ನೀರು ಸುತ್ತುವ ತೊಟ್ಟಿ, ಅದರಲ್ಲಿ ಒಂದರ ಮೇಲೊಂದು ಹೊರಳುವ ಕಪ್ಪು ಹಾವುಮೀನುಗಳು, ಕೈಬಲೆಯಲ್ಲಿ ಎತ್ತಿ ಚೀಲಕ್ಕೆ ಸುರಿದುಕೊಡುವ ಹುಡುಗ. ಅಪ್ಪ ಮಗನಿಗೆ, ಹಿರಿಯ ಕಿರಿಯನಿಗೆ ದಾಟಿಸುತ್ತ ಬಂದ ಈ ಉಪದೇಶ, ಅದನ್ನು ಪ್ರಶ್ನಿಸುವುದೇ ಅಧಿಕಪ್ರಸಂಗ ಎನ್ನುವ ಹಂತಕ್ಕೆ ಈಗ ಬಂದು ನಿಂತಿದೆ. ಆ ಅಧಿಕಪ್ರಸಂಗವನ್ನೇ ಇಲ್ಲಿ ಮಾಡಹೊರಟಿದ್ದೇನೆ.

ಆ ದೊಡ್ಡ ಮೀನು ಯಾವುದೆಂದು ಗೊತ್ತಿಲ್ಲದವರಿಗೆ ಎರಡು ಮಾತು. ಸ್ಟ್ರೈಪ್ಡ್ ಬಾಸ್ ಎಂದರೆ ಬೆಳ್ಳಿ ಮೈಮೇಲೆ ತಲೆಯಿಂದ ಬಾಲದವರೆಗೆ ಏಳೆಂಟು ಕಪ್ಪು ಗೆರೆ ಎಳೆದುಕೊಂಡ ಮೀನು. ಚೆಸಪೀಕ್ ಕೊಲ್ಲಿಗೆ ಸೇರುವ ನದಿಗಳಲ್ಲಿ, ಹಡ್ಸನ್ ಮತ್ತು ಡೆಲವೇರ್ ನದಿಗಳಲ್ಲಿ ಹುಟ್ಟುತ್ತದೆ. ಬೆಳೆದ ಮೇಲೆ ಕಡಲಿಗಿಳಿದು, ವಸಂತದಲ್ಲಿ ದಡ ಹಿಡಿದುಕೊಂಡು ಉತ್ತರಕ್ಕೆ ಹೋಗಿ, ಚಳಿ ಶುರುವಾಗುತ್ತಲೇ ದಕ್ಷಿಣಕ್ಕೆ ತಿರುಗುತ್ತದೆ. ಈ ಹೋಗಿಬರುವ ದಾರಿಯಲ್ಲಿ ತೆರೆ ಒಡೆಯುವ ಜಾಗದವರೆಗೂ ಬಂದು ಮೇಯುತ್ತದೆ. ಹಾಗಾಗಿ ದೋಣಿಯಿಲ್ಲದವನೂ ಎದೆಮಟ್ಟದ ರಬ್ಬರ್ ಉಡುಪು ತೊಟ್ಟು, ಬಂಡೆಯ ಮೇಲೋ ಮರಳಿನಲ್ಲೋ ನಿಂತು, ಹತ್ತಡಿ ಕೋಲು ಬೀಸಿ ತನ್ನಷ್ಟೇ ಹಟದ ಒಂದು ಮೀನಿಗೆ ಗಾಳ ಹಾಕಬಹುದು. ಈಚೆಗೆ ನ್ಯೂಜೆರ್ಸಿಯ ಸ್ಯಾಂಡಿ ಹುಕ್‌ನ ಮರಳಲ್ಲಿ, ಐಲೆಂಡ್ ಬೀಚ್‌ನ ಮರಳಲ್ಲಿ ಆಗಾಗ ಕನ್ನಡವೂ ಕಿವಿಗೆ ಬೀಳುತ್ತದೆ. ಎಡಿಸನ್ನಿನ ಕಡೆಯಿಂದ ಬಂದ ಆ ನಮ್ಮವರೂ ಅದೇ ಉಪದೇಶ ಪಡೆದು, ಅದೇ ಚೀಲ ಹಿಡಿದೇ ಬಂದಿರುತ್ತಾರೆ.

ಈಲ್ ಪಕ್ಷದವರು ದಡ್ಡರೇನಲ್ಲ. ಇದೇ ಕರಾವಳಿಯ ಮಾಂಟಾಕ್ ಮೂಲೆಯ ಬಂಡೆಗಳ ಮೇಲೆ, ಕಟಿಹಂಕ್‌ನಲ್ಲಿ, ಬ್ಲಾಕ್ ಐಲೆಂಡ್‌ನಲ್ಲಿ ಜೀವಮಾನ ಕಳೆದ ಪಳಗಿದ ಕೈಗಳು ಈ ಮಾತಿಗೆ ಸಾಕ್ಷಿ ಹೇಳುತ್ತವೆ. ಅವರ ಮನೆಯ ಗೋಡೆಯ ಫೋಟೋಗಳಲ್ಲಿ ಐವತ್ತು ಪೌಂಡಿನ, ಅಂದರೆ ಇಪ್ಪತ್ತೆರಡು ಕೆ.ಜಿ. ದಾಟಿದ ಮೀನುಗಳಿವೆ. ಅವು ಈಲ್‌ಗೇ ಬಿದ್ದವು ಎನ್ನುವುದನ್ನು ನಾನು ಅಲ್ಲಗಳೆಯುತ್ತಿಲ್ಲ. ಈಲ್ ಆದದ್ದರಿಂದಲೇ ಬಿದ್ದವು ಎನ್ನುವುದನ್ನು ಅಲ್ಲಗಳೆಯುತ್ತಿದ್ದೇನೆ.

ಈಲ್ ಎಸೆಯುವವನ ದಿನಚರಿ ಸ್ವಲ್ಪ ನೋಡಿ. ಅವನು ಮನೆ ಬಿಡುವುದೇ ರಾತ್ರಿ ಊಟ ಮುಗಿಸಿ. ಅಮಾವಾಸ್ಯೆಯ ಆಸುಪಾಸಿನ ಕತ್ತಲನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಂಡಿರುತ್ತಾನೆ. ಉಬ್ಬರ ತಿರುಗಿ ಇಳಿತ ಎಷ್ಟು ಹೊತ್ತಿಗೆ ಶುರು, ಗಾಳಿ ಯಾವ ದಿಕ್ಕಿಂದ, ಯಾವ ಬಂಡೆಯ ಎಡಕ್ಕೆ ಸೆಳೆತ ಗಟ್ಟಿ ಎನ್ನುವುದೆಲ್ಲ ಬಾಯಿಪಾಠ. ಹಿಮದ ಪೆಟ್ಟಿಗೆಯಲ್ಲಿ ಒದ್ದೆ ಗೋಣಿ ಹಾಸಿ ಈಲ್‌ಗಳನ್ನು ಮಲಗಿಸಿ, ಕತ್ತಲಲ್ಲಿ ಒಂದೆರಡು ಮೈಲಿ ನಡೆದು, ಬೇರೆಯವರ ಬೆಳಕು ಬೀಳದ ಕಡೆ ನಿಲ್ಲುತ್ತಾನೆ. ಎಸೆದದ್ದನ್ನು ಮೆಲ್ಲಗೆ, ನಿದ್ದೆ ಬರುವಷ್ಟು ಮೆಲ್ಲಗೆ ಸುತ್ತಿಕೊಳ್ಳುತ್ತಾನೆ. ಈಲ್ ಕಟ್ಟಿಕೊಂಡು ಬೇಗ ಸುತ್ತಲು ಬರುವುದೇ ಇಲ್ಲ. ಬೆಳಗಿನ ಜಾವದವರೆಗೆ ಜಾಗ ಬಿಡುವುದಿಲ್ಲ, ಯಾಕೆಂದರೆ ಪೆಟ್ಟಿಗೆಯಲ್ಲಿ ಇನ್ನೂ ನಾಲ್ಕು ಉಳಿದಿವೆ, ಅವಕ್ಕೆ ದುಡ್ಡು ಕೊಟ್ಟಾಗಿದೆ. ಪ್ಲಗ್ ಎಸೆಯುವ ಬಹುಪಾಲು ಜನ ಯಾವಾಗ ಬರುತ್ತಾರೆ? ಭಾನುವಾರ ಬಿಸಿಲೇರಿದ ಮೇಲೆ, ಮಕ್ಕಳನ್ನು ಕರೆದುಕೊಂಡು, ಕಾಫಿ ಲೋಟ ಹಿಡಿದು, ನೀರು ಯಾವ ಕಡೆ ಹರಿಯುತ್ತಿದೆ ಎಂಬ ಗೊಡವೆಯಿಲ್ಲದೆ. ವರ್ಷದ ಕೊನೆಗೆ ಇಬ್ಬರ ಮೀನುಗಳನ್ನು ತೂಗಿ, ನೋಡಿ ಈಲ್ ಗೆದ್ದಿತು ಎನ್ನುತ್ತಾರೆ. ಜಾಗರಣೆ ಮಾಡಿದ್ದು ಮನುಷ್ಯ, ಪುಣ್ಯ ಬಂದದ್ದು ಹಾವುಮೀನಿಗೆ.

ಇರುಳಿಗೆ ಇಷ್ಟು ಬೆಲೆ ಯಾಕೆ ಎನ್ನುವುದು ರಹಸ್ಯವಲ್ಲ. ಬಾಸ್‌ನ ಕಣ್ಣು ಮಂದ ಬೆಳಕಿಗೆ ಒಗ್ಗಿದ್ದು. ಮೇಲಿನ ಮಸುಕು ಆಕಾಶಕ್ಕೆ ಅಡ್ಡವಾಗಿ ಬೇಟೆಯ ಕಪ್ಪು ಆಕಾರ ಕೆಳಗಿನಿಂದ ಕಾಣುತ್ತದೆ. ಮೈಪಕ್ಕದ ನರಸಾಲು ನೀರಿನ ಅಲುಗಾಟವನ್ನು ತಿಳಿಸುತ್ತದೆ. ವಯಸ್ಸಾದ, ಮೈ ತುಂಬಿದ ಹೆಣ್ಣು ಬಾಸ್ ಹಗಲಲ್ಲಿ ಆಳದಲ್ಲೇ ಇದ್ದು, ಕತ್ತಲಾದ ಮೇಲೆ ಮೊಣಕಾಲುದ್ದ ನೀರಿಗೂ ಬರುತ್ತದೆ. ಆ ಹೊತ್ತಿಗೆ ಆ ಜಾಗದಲ್ಲಿ ಯಾರ ದಾರ ನೀರಲ್ಲಿದೆಯೋ ಅವರಿಗೆ ದೊಡ್ಡ ಮೀನು. ದಾರದ ತುದಿಯಲ್ಲಿ ಏನಿದೆ ಎನ್ನುವುದು ಆಮೇಲಿನ ಮಾತು.

ಇನ್ನೊಂದು ಕಣ್ಕಟ್ಟು ಗಾತ್ರದ್ದು. ಈಲ್ ಒಂದಡಿ, ಒಂದೂಕಾಲು ಅಡಿ ಉದ್ದ. ಅಷ್ಟುದ್ದದ್ದು ಕಂಡರೆ ಸಣ್ಣ ಬಾಸ್ ಹಿಂಜರಿಯುತ್ತದೆ, ಬಾಯಿ ಹಾಕಿದರೂ ಗಾಳ ತಾಗುವುದು ಕಡಿಮೆ. ಹಾಗಾಗಿ ಸಿಕ್ಕಿದ್ದರ ಸರಾಸರಿ ತೂಕ ತಾನಾಗಿ ಏರುತ್ತದೆ. ಇದು ಮಾಂಸದ ಮಹಿಮೆಯಲ್ಲ, ಉದ್ದದ ಮಹಿಮೆ. ಎಂಟೊಂಬತ್ತು ಅಂಗುಲದ ಮರದ ಪ್ಲಗ್ ಕಟ್ಟಿದರೂ ಸಣ್ಣವು ಹೀಗೆಯೇ ದೂರ ಉಳಿಯುತ್ತವೆ. ಆದರೆ ಜನ ಮಾಡುವುದೇನು? ನಾಲ್ಕಂಗುಲದ ಪ್ಲಗ್ ಹಗಲಲ್ಲಿ ಎಸೆದು, ಒಂದಡಿಯ ಈಲ್ ಇರುಳಲ್ಲಿ ಎಸೆದು, ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತಾರೆ.

ದಾಖಲೆಗಳ ಮಾತು ಬಂದೇ ಬರುತ್ತದೆ, ನಾನೇ ಎತ್ತುತ್ತೇನೆ. 2011ರ ಆಗಸ್ಟ್ 4ರಂದು ಕನೆಕ್ಟಿಕಟ್‌ನ ವೆಸ್ಟ್‌ಬ್ರೂಕ್ ಬಳಿ ಗ್ರೆಗ್ ಮೈಯರ್ಸನ್ ಹಿಡಿದ 81 ಪೌಂಡ್ 14 ಔನ್ಸಿನ ಬಾಸ್ ಇವತ್ತಿನ ವಿಶ್ವದಾಖಲೆ, ಮೂವತ್ತೇಳು ಕೆ.ಜಿ. ದಾಟುತ್ತದೆ. ಅದು ಬಿದ್ದದ್ದು ಈಲ್‌ಗೆ. ಈಲ್ ಪಕ್ಷದವರು ಇಲ್ಲಿಗೆ ಪುಸ್ತಕ ಮುಚ್ಚುತ್ತಾರೆ. ಮುಚ್ಚುವ ಮುಂಚೆ ಇನ್ನೆರಡು ಸಾಲು ಓದಬೇಕಿತ್ತು. ಮೈಯರ್ಸನ್ ನಿಂತಿದ್ದು ದಡದಲ್ಲಲ್ಲ, ದೋಣಿಯಲ್ಲಿ. ಜತೆಗೆ ಅವರ ದಾರದಲ್ಲಿದ್ದದ್ದು ಬರೀ ಈಲ್ ಅಲ್ಲ. ಒಳಗೆ ಗಲಗಲ ಸದ್ದು ಮಾಡುವ, ಅವರೇ ರೂಪಿಸಿದ ಸೀಸದ ಭಾರವೂ ಇತ್ತು. ಮೀನನ್ನು ಕರೆದದ್ದು ಆ ಸದ್ದೇ ಎಂದು ನಂಬಿ ಅದನ್ನು ಅವರು ಮಾರಾಟಕ್ಕೂ ತಂದರು. ಜಗತ್ತಿನ ಅತಿ ದೊಡ್ಡ ಬಾಸ್ ಹಿಡಿದವರೇ ಪಾಲು ಹಂಚುವಾಗ ಈಲ್‌ನ ಪಕ್ಕದಲ್ಲಿ ಮನುಷ್ಯ ಮಾಡಿದ ಒಂದು ಸಾಮಾನನ್ನು ಕೂರಿಸಿದ್ದಾರೆ.

ಅದಕ್ಕೆ ಮುಂಚಿನ ದಾಖಲೆ ಅಲ್ ಮೆಕ್‌ರೆನಾಲ್ಡ್ಸ್ ಅವರದು. 1982ರ ಸೆಪ್ಟೆಂಬರ್ 21ರ ರಾತ್ರಿ, ಕಡಲು ಕೆಟ್ಟು ಕುದಿಯುತ್ತಿದ್ದಾಗ, ಅಟ್ಲಾಂಟಿಕ್ ಸಿಟಿಯಲ್ಲಿ ಕಡಲಿಗೆ ಚಾಚಿದ ಕಲ್ಲಿನ ಕಟ್ಟೆಯ ಮೇಲೆ ನಿಂತು ಅವರು 78 ಪೌಂಡ್ 8 ಔನ್ಸಿನ ಮೀನನ್ನು ದಡಕ್ಕೆ ತಂದರು. ದಾರದ ತುದಿಯಲ್ಲಿದ್ದದ್ದು ರೆಬೆಲ್ ಕಂಪನಿಯ ಪ್ಲಾಸ್ಟಿಕ್ ಪ್ಲಗ್, ಅಂಗಡಿಯ ಗೋಡೆಗೆ ನೇತುಹಾಕುವಂಥದ್ದೇ. ಇಪ್ಪತ್ತೊಂಬತ್ತು ವರ್ಷ ಯಾವ ಈಲ್ ಕೂಡ ಆ ತೂಕವನ್ನು ಮುಟ್ಟಲಿಲ್ಲ. ಒಂದು ಮೀನಿನಿಂದ ಸಿದ್ಧಾಂತ ಕಟ್ಟುವುದು ತಪ್ಪು, ನಾನು ಕಟ್ಟುತ್ತಿಲ್ಲ. ಆದರೆ 2011ರ ಮೀನನ್ನು ಪ್ರಮಾಣ ಎನ್ನುವವರು 1982ರದನ್ನು ಅದೃಷ್ಟ ಎಂದು ತಳ್ಳಿಹಾಕುವಾಗ ಯಾವ ನ್ಯಾಯ ಬಳಸುತ್ತಾರೋ ತಿಳಿಯುವುದಿಲ್ಲ. ಎರಡರಲ್ಲೂ ಸಮಾನವಾಗಿದ್ದದ್ದು ಹರಿವ ನೀರು, ಮಂದ ಬೆಳಕು, ಮತ್ತು ಜಾಗ ಬಿಡದೆ ನಿಂತ ಮನುಷ್ಯ.

ನನ್ನ ವಾದಕ್ಕೆ ಇನ್ನೂ ಗಟ್ಟಿ ಸಾಕ್ಷಿ ನೀಡಲ್‌ಫಿಶ್ ಎಂಬ ಪ್ಲಗ್. ನೋಡಿದರೆ ನಗು ಬರುತ್ತದೆ. ಬೆರಳು ದಪ್ಪದ ನೆಟ್ಟಗಿನ ಕಡ್ಡಿ, ಎರಡು ಗಾಳ. ಮುಂದೆ ತುಟಿಯಿಲ್ಲ, ಓಲಾಟವಿಲ್ಲ, ಸದ್ದಿಲ್ಲ. ಎಳೆದರೆ ನೆಟ್ಟಗೆ ಬರುತ್ತದೆ, ಅಷ್ಟೇ. ಕೈಯಲ್ಲಿ ಹಿಡಿದವನಿಗೆ ಇದು ಏನೂ ಮಾಡುವುದಿಲ್ಲವಲ್ಲ ಎಂಬ ನಿರಾಸೆ. 1980ರ ದಶಕದ ಬ್ಲಾಕ್ ಐಲೆಂಡ್‌ನಲ್ಲಿ, ಚಳಿ ಕೊರೆಯುವ ನವೆಂಬರ್ ರಾತ್ರಿಗಳಲ್ಲಿ, ದೈತ್ಯ ಬಾಸ್‌ಗಳು ಸಾಲಾಗಿ ದಡಕ್ಕೆ ಬಂದದ್ದು ಈ ಕಡ್ಡಿಗೆ. ಆಗ ಅಲ್ಲಿ ಬಾಸ್‌ಗಳು ಮೇಯುತ್ತಿದ್ದದ್ದು ಸ್ಯಾಂಡ್ ಈಲ್ ಎಂಬ ಸಣಕಲು ಮೀನನ್ನು. ಹೆಸರಲ್ಲಿ ಮಾತ್ರ ಈಲ್, ಕುಲದಲ್ಲಿ ಬೇರೆ. ಪ್ಲಗ್ಗಿಗೋ ಮಾಂಸವಿಲ್ಲ, ವಾಸನೆಯಿಲ್ಲ, ಮಿಸುಕಾಟವಿಲ್ಲ. ಸರಿಯಾದ ಆಕಾರ, ಸರಿಯಾದ ಆಳ, ಸರಿಯಾದ ಹೊತ್ತು, ಮೆಲ್ಲನೆಯ ನಡೆ. ಅಷ್ಟು ಸಾಕಾಯಿತು. ಜೀವಂತ ಎರೆಯನ್ನು ದೊಡ್ಡ ಬಾಸ್ ಬಿಡಲಾರದು, ಕಟ್ಟಿಗೆಗೆ ಮೋಸ ಹೋಗಲಾರದು ಎನ್ನುವವರು ಈ ಕಡ್ಡಿಯ ಚರಿತ್ರೆಗೆ ಸಮಾಧಾನ ಹೇಳಬೇಕು.

ಸಹಜ ಆಹಾರ ಎಂಬ ಮಾತೂ ಅಷ್ಟೇ ಸಡಿಲು. ಬಾಸ್‌ಗಳ ಹೊಟ್ಟೆ ಬಿಡಿಸಿ ನೋಡಿದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಾಣುವುದು ಮೆನ್‌ಹೇಡನ್, ಆಂಚೊವಿ, ಹೆರಿಂಗ್, ಸ್ಯಾಂಡ್ ಈಲ್, ಏಡಿ, ಸಿಗಡಿ. ನಿಜವಾದ ಹಾವುಮೀನಿನ ಪಾಲು ಅಲ್ಲಿ ಬಹಳ ಸಣ್ಣದು. ಬಾಸ್ ಸಿಕ್ಕಿದ್ದು ತಿನ್ನುವ ಮೀನು; ಅದಕ್ಕೆ ಇಷ್ಟದೇವತೆಯಂಥ ಆಹಾರ ಯಾವುದೂ ಇಲ್ಲ. ಇಷ್ಟದೇವತೆ ಇರುವುದು ಹಿಡಿಯುವವರಿಗೆ. 1864ರಲ್ಲಿ ಮ್ಯಾಸಚೂಸೆಟ್ಸ್‌ನ ಕಟಿಹಂಕ್ ದ್ವೀಪದಲ್ಲಿ ನ್ಯೂಯಾರ್ಕಿನ ಸಿರಿವಂತರು ಕಟ್ಟಿಕೊಂಡ ಬಾಸ್ ಕ್ಲಬ್ಬಿನಲ್ಲಿ ಬಂಡೆಗಳ ಮೇಲೆ ಮರದ ಅಟ್ಟಣೆ ಹಾಕಿಸಿದ್ದರು. ಎರೆ ಸಿಕ್ಕಿಸಿಕೊಡಲು, ನೀರಿಗೆ ತುಣುಕು ಎರಚಲು ಕೂಲಿಯ ಹುಡುಗರು. ಅವರು ಎರಚುತ್ತಿದ್ದದ್ದು ಲಾಬ್‌ಸ್ಟರ್‌ನ ಬಾಲ! ಆ ಕಾಲದ ಘನವಂತರನ್ನು ಕೇಳಿದ್ದರೆ ದೊಡ್ಡ ಬಾಸ್‌ಗೆ ಲಾಬ್‌ಸ್ಟರ್ ಬಿಟ್ಟರೆ ಬೇರೆ ದಾರಿಯಿಲ್ಲ ಎಂದೇ ಹೇಳುತ್ತಿದ್ದರೋ ಏನೋ. ಇವತ್ತು ಹಾಗೆ ಯಾರಾದರೂ ಹೇಳಿದರೆ ಹುಚ್ಚ ಎನ್ನುತ್ತೇವೆ. ಆದರೂ ಆ ಬಾಲಗಳಿಗೆ ಬಾಸ್ ಬಂದದ್ದು ಸುಳ್ಳಲ್ಲ.

ಹಳಬರ ಇನ್ನೊಂದು ಪದ್ಧತಿ ನನಗೆ ಬಹಳ ಪ್ರಿಯ. ಈಲ್‌ನ ಚರ್ಮವನ್ನು ಕಾಲುಚೀಲದ ಹಾಗೆ ಸುಲಿದು, ಉಪ್ಪುನೀರಿನಲ್ಲಿಟ್ಟು, ಆಮೇಲೆ ಮರದ ಪ್ಲಗ್ಗಿನ ಮೇಲೋ ಸೀಸದ ತಲೆಯ ಮೇಲೋ ತೊಡಿಸಿ ದಾರದಿಂದ ಬಿಗಿದು ಎಸೆಯುತ್ತಿದ್ದರು. ಒಂದು ಚರ್ಮ ವಾರಗಟ್ಟಲೆ ಬಾಳುತ್ತಿತ್ತು. ಸತ್ತ ಈಲ್‌ಗೆ ಒಳಗಿಂದ ಗಾಳ ಹೊಲಿದು ಎಸೆಯುವುದೂ ಇತ್ತು. ಇದನ್ನು ಯಾವ ಪಕ್ಷಕ್ಕೆ ಸೇರಿಸೋಣ? ಈಲ್ ಎನ್ನಲು ಜೀವವಿಲ್ಲ, ಕೃತಕ ಎನ್ನಲು ಚರ್ಮವಿದೆ. ಈ ಸತ್ತ, ಟೊಳ್ಳು, ಉಪ್ಪು ಹಿಡಿದ ತೊಗಲಿಗೂ ದೊಡ್ಡ ಬಾಸ್‌ಗಳು ಬಿದ್ದವು. ಜೀವದ ಮಿಡಿತವೇ ಗುಟ್ಟು ಎನ್ನುವ ವಾದ ಅಲ್ಲಿಗೇ ಮುಗಿಯಬೇಕಿತ್ತು.

ಈಲ್‌ಗೆ ನಿಜವಾದ ಅನುಕೂಲ ಒಂದಿದೆ, ಅದನ್ನು ಮುಚ್ಚಿಡುವುದಿಲ್ಲ. ಮರಕ್ಕೆ ಬಾಯಿ ಹಾಕಿದ ಬಾಸ್ ಕ್ಷಣಮಾತ್ರದಲ್ಲಿ ಉಗಿಯುತ್ತದೆ. ಮಾಂಸಕ್ಕೆ ಬಾಯಿ ಹಾಕಿದ್ದು ಹಿಡಿದುಕೊಂಡೇ ಇರುತ್ತದೆ. ನೀರು ನಿಂತ, ತೆರೆಯಿಲ್ಲದ ರಾತ್ರಿಗಳಲ್ಲಿ, ಮೀನು ಅನುಮಾನದಿಂದ ಮೂಸಿ ನೋಡುವಾಗ, ಈಲ್ ಕಟ್ಟಿದವನಿಗೆ ಹೆಚ್ಚು ಹೊತ್ತು ಸಿಗುತ್ತದೆ. ಕೈ ನಿಧಾನವಾದವನಿಗೂ, ತೂಕಡಿಸುವವನಿಗೂ ಅದು ಕ್ಷಮೆ ಕೊಡುತ್ತದೆ. ಸರಿ. ಆದರೆ ಇದು ಹಿಡಿಯುವವನ ಕೊರತೆ ತುಂಬುವ ಗುಣವೇ ಹೊರತು ದೊಡ್ಡ ಮೀನನ್ನು ಆರಿಸಿ ತರುವ ಗುಣವಲ್ಲ. ಹಿಡಿದುಕೊಂಡೇ ಇರುವ ಮೀನು ನುಂಗುತ್ತದೆ ಕೂಡ. ನುಂಗಿದಾಗ ಗಾಳ ಗಂಟಲಿಗೋ ಕರುಳಿಗೋ ನೆಡುತ್ತದೆ.

ನೆಟ್ಟ ಗಾಳದ ಲೆಕ್ಕ ಸಣ್ಣದಲ್ಲ. ದಡದುದ್ದದ ರಾಜ್ಯಗಳೆಲ್ಲ ಸೇರಿ ಮೀನುಗಾರಿಕೆಗೆ ಕಟ್ಟಳೆ ಹಾಕುವ ಅಟ್ಲಾಂಟಿಕ್ ರಾಜ್ಯಗಳ ಸಾಗರ ಮೀನುಗಾರಿಕಾ ಆಯೋಗ, ಹಿಡಿದು ಬಿಟ್ಟ ಬಾಸ್‌ಗಳಲ್ಲಿ ನೂರಕ್ಕೆ ಒಂಬತ್ತು ಸಾಯುತ್ತವೆ ಎಂದು ಹಿಡಿದು ಲೆಕ್ಕ ಮಾಡುತ್ತದೆ. ಒಂಬತ್ತು ಕಡಿಮೆ ಎನ್ನಿಸಬಹುದು. ಬಿಡುವ ಮೀನುಗಳ ಸಂಖ್ಯೆ ಕೋಟಿಗಳಲ್ಲಿದೆ. ಹಾಗಾಗಿ 2017ರ ಲೆಕ್ಕದಲ್ಲಿ ಮನುಷ್ಯರ ಕೈಯಿಂದ ಸತ್ತ ಬಾಸ್‌ಗಳಲ್ಲಿ ಹೆಚ್ಚುಕಡಿಮೆ ಅರ್ಧ ಹೀಗೆ ಬಿಟ್ಟಮೇಲೆ ಸತ್ತವು. ಅದಕ್ಕೇ 2021ರಿಂದ ಜೀವಂತ ಅಥವಾ ಸತ್ತ ಎರೆ ಬಳಸುವವರು ಮೊನೆ ಒಳಕ್ಕೆ ಬಾಗಿದ ಸರ್ಕಲ್ ಗಾಳವನ್ನೇ ಬಳಸಬೇಕೆಂಬ ನಿಯಮ ಬಂತು. ಅದು ಕರುಳಿಗೆ ನೆಡದೆ ತುಟಿಯ ಮೂಲೆಗೆ ಸಿಕ್ಕಿಕೊಳ್ಳುತ್ತದೆ. ಒಳ್ಳೆಯ ನಿಯಮ. ನಿಯಮ ಬಂತಲ್ಲ, ಇನ್ನೇನು ತಕರಾರು ಎಂದು ಈಲ್ ಪಕ್ಷದವರು ಕೇಳುತ್ತಾರೆ. ಬಾಸ್‌ನ ಮಟ್ಟಿಗೆ ತಕರಾರು ಕಡಿಮೆಯಾಯಿತು, ಒಪ್ಪೋಣ. ಗಾಳಕ್ಕೆ ಚುಚ್ಚಿದ ಇನ್ನೊಂದು ಮೀನಿನ ಕಥೆ?

ಈ ಚರ್ಚೆಯಲ್ಲಿ ಅದನ್ನು ಮೀನು ಎಂದು ಯಾರೂ ಎಣಿಸುವುದೇ ಇಲ್ಲ, ಎರೆ ಎನ್ನುತ್ತಾರೆ. ಅಮೆರಿಕದ ಈಲ್ ಹುಟ್ಟುವುದು ಸಾವಿರಾರು ಕಿಲೋಮೀಟರ್ ದೂರದ ಸರ್ಗಾಸೊ ಸಮುದ್ರದಲ್ಲಿ. ಹುಟ್ಟಿದಾಗ ಎಲೆಯಂತೆ ಚಪ್ಪಟೆ, ಪಾರದರ್ಶಕ. ಕಡಲ ಹರಿವಿನಲ್ಲಿ ತಿಂಗಳುಗಟ್ಟಲೆ ತೇಲಿ ದಡಕ್ಕೆ ಬಂದು, ಗಾಜಿನ ಎಳೆಯಂತಾಗಿ, ನದಿ ಹತ್ತಿ, ಹಳದಿ ಮಿಶ್ರಿತ ಕಂದು ಬಣ್ಣಕ್ಕೆ ತಿರುಗಿ, ಅಲ್ಲಿ ಹತ್ತಾರು ವರ್ಷ ಬದುಕುತ್ತದೆ. ಕೊನೆಗೊಂದು ಶರತ್ಕಾಲದ ರಾತ್ರಿ ಕಣ್ಣು ಹಿಗ್ಗಿ, ಮೈ ಬೆಳ್ಳಿಯಾಗಿ, ಹೊಟ್ಟೆ ಮುದುಡಿ, ಹುಟ್ಟಿದ ಕಡಲಿಗೆ ಹೊರಡುತ್ತದೆ. ಒಮ್ಮೆ ಮೊಟ್ಟೆ ಇಟ್ಟರೆ ಸಾವು. ಅದು ಮೊಟ್ಟೆ ಇಡುವುದನ್ನು ಕಡಲಲ್ಲಿ ಕಣ್ಣಾರೆ ಕಂಡವರಿಲ್ಲ. ನೊವಾ ಸ್ಕೋಶಿಯಾದ ದಡದಲ್ಲಿ ಸಾಧನ ಕಟ್ಟಿ ಬಿಟ್ಟ ಈಲ್‌ಗಳಲ್ಲಿ ಒಂದು ಸರ್ಗಾಸೊದ ಉತ್ತರದ ಅಂಚು ಮುಟ್ಟಿದ್ದು ಜಗತ್ತಿಗೆ ಗೊತ್ತಾದದ್ದೇ 2015ರಲ್ಲಿ. ನಮ್ಮ ಕಾವೇರಿಯ ಹಾವುಮೀನೂ ಇದೇ ಬಳಗದ್ದು, ಅದೂ ಮೊಟ್ಟೆಗೆ ಕಡಲನ್ನೇ ನಂಬಿದೆ, ಅಣೆಕಟ್ಟುಗಳ ಕಾಟ ಅದಕ್ಕೂ ತಪ್ಪಿಲ್ಲ.

ಅದೇ ಮೀನುಗಾರಿಕಾ ಆಯೋಗ 2012ರಲ್ಲಿ ಅಮೆರಿಕದ ಈಲ್ ಸಂತತಿ ಕ್ಷೀಣಿಸಿದೆ ಎಂದಿತು. 2023ರಲ್ಲಿ ಮತ್ತೆ ಅಳೆದಾಗಲೂ ಅದೇ ತೀರ್ಪು. 2024ರಲ್ಲಿ ಹಳದಿ ಈಲ್‌ನ ವಾಣಿಜ್ಯ ಹಿಡಿತದ ಮಿತಿಯನ್ನು 9,16,473 ಪೌಂಡಿನಿಂದ 5,18,281 ಪೌಂಡಿಗೆ ಇಳಿಸಲಾಯಿತು. ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ 2014ರಲ್ಲೇ ಇದನ್ನು ಅಪಾಯದಂಚಿನ ಪಟ್ಟಿಗೆ ಸೇರಿಸಿತ್ತು. 2015ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಕಾನೂನಿನ ರಕ್ಷಣೆ ಬೇಕಿಲ್ಲ ಎಂದದ್ದೂ ನಿಜ, ಈಲ್ ಪಕ್ಷದವರ ಜೇಬಿನಲ್ಲಿ ಆ ಕಾಗದ ಸದಾ ಇರುತ್ತದೆ. ಅಳಿದೇ ಹೋಗುವ ಭಯ ಸದ್ಯಕ್ಕಿಲ್ಲ ಎಂದರೆ ಡಜನ್ ಲೆಕ್ಕದಲ್ಲಿ ಕೊಳ್ಳಿರಿ ಎಂದು ಅರ್ಥವೇ?

ಅವರ ಉತ್ತರ ಸಿದ್ಧವಿದೆ. ಈಲ್‌ನ ಶತ್ರು ನಾವಲ್ಲ, ಅಣೆಕಟ್ಟು. ಮೇನ್ ರಾಜ್ಯದಲ್ಲಿ ಗಾಜಿನ ಮರಿಗಳನ್ನು ಏಷ್ಯಾದ ಸಾಕಣೆ ಕೊಳಗಳಿಗೆ ಕಳಿಸುತ್ತಾರಲ್ಲ, ಪೌಂಡಿಗೆ ಎರಡು ಸಾವಿರ ಡಾಲರ್ ದಾಟಿದ ವರ್ಷಗಳಿವೆಯಲ್ಲ, ಅವರನ್ನು ಕೇಳಿ. ನಾಲ್ಕು ಈಲ್ ಒಯ್ಯುವ ನಮ್ಮನ್ನೇಕೆ? ಅಣೆಕಟ್ಟಿನ ಪಾಪ ದೊಡ್ಡದೆಂದು ನಾನೂ ಒಪ್ಪುತ್ತೇನೆ. ಆದರೆ ಮರಿಗೂ ಎರೆಗೂ ಒಂದು ವ್ಯತ್ಯಾಸವಿದೆ. ಗಾಜಿನ ಮರಿಗಳಲ್ಲಿ ಬಹುಪಾಲು ಹೇಗೂ ಹಕ್ಕಿಗೋ ಮೀನಿಗೋ ತುತ್ತಾಗುತ್ತವೆ. ಪ್ರಕೃತಿ ಆ ನಷ್ಟಕ್ಕೆ ಲೆಕ್ಕ ಹಾಕಿಕೊಂಡೇ ಲಕ್ಷಗಟ್ಟಲೆ ಮೊಟ್ಟೆ ಇಡಿಸಿದೆ. ಅಂಗಡಿಯ ತೊಟ್ಟಿಯಲ್ಲಿರುವ ಒಂದಡಿಯ ಈಲ್ ಕಡಲು, ಹಕ್ಕಿ, ಬರ, ಅಣೆಕಟ್ಟು ಎಲ್ಲ ದಾಟಿ ವರ್ಷಗಟ್ಟಲೆ ಬದುಕಿ ಉಳಿದದ್ದು. ಇಷ್ಟರ ಮೇಲೆ, ಗಂಡು ಈಲ್‌ಗಳು ಹೆಚ್ಚು ಬೆಳೆಯುವುದಿಲ್ಲ. ನಲವತ್ತು ಸೆಂಟಿಮೀಟರ್ ದಾಟಿದವು ಹೆಚ್ಚುಕಡಿಮೆ ಎಲ್ಲವೂ ಹೆಣ್ಣು. ದೊಡ್ಡ ಬಾಸ್‌ಗೆ ದೊಡ್ಡ ಈಲ್ ಎಂದು ತೊಟ್ಟಿಯಲ್ಲಿ ಕೈಯಾಡಿಸಿ ದಪ್ಪನೆಯದನ್ನು ಆರಿಸುವವನು ಸರ್ಗಾಸೊಗೆ ಹೋಗಬೇಕಾದ ತಾಯಿಯನ್ನೇ ಆರಿಸುತ್ತಾನೆ.

ಬಾಸ್‌ನ ಮೇಲೆ ಮಾತ್ರ ಪ್ರೀತಿ ಇರುವವರಿಗೂ ಇಲ್ಲೊಂದು ಗಂಟಿದೆ. ಚೆಸಪೀಕ್ ಕೊಲ್ಲಿಗೆ ಹೆಚ್ಚಿನ ಸಿಹಿನೀರು ತರುವುದು ಸಸ್ಕ್ವೆಹಾನಾ ನದಿ. ಆ ನದಿಯಲ್ಲಿ ನೀರು ಸೋಸುವ ಒಂದು ಬಗೆಯ ಚಿಪ್ಪುಜೀವಿ ಇದೆ, ಈಸ್ಟರ್ನ್ ಎಲಿಪ್ಟಿಯೊ ಎಂದು ಹೆಸರು. ಅದರ ಮರಿಗಳು ಸ್ವಲ್ಪ ಕಾಲ ಮೀನಿನ ಕಿವಿರಿಗೆ ಅಂಟಿಕೊಂಡು ಬೆಳೆಯಬೇಕು. ಅಲ್ಲಿ ಅವಕ್ಕೆ ಹೆಚ್ಚು ಒಗ್ಗುವುದು ಈಲ್‌ನ ಕಿವಿರು. 1928ರಲ್ಲಿ ಕೊನೊವಿಂಗೊ ಅಣೆಕಟ್ಟು ಎದ್ದು ಈಲ್‌ಗಳ ದಾರಿ ಕಟ್ಟಿದ ಮೇಲೆ ಮೇಲ್ಭಾಗದ ನದಿಯಲ್ಲಿ ಎಳೆಯ ಚಿಪ್ಪುಗಳು ಕಾಣುವುದೇ ಅಪರೂಪವಾಯಿತು. ಈಗ ಅಣೆಕಟ್ಟಿನ ಬುಡದಲ್ಲಿ ಈಲ್ ಮರಿಗಳನ್ನು ಹಿಡಿದು ಲಾರಿಯಲ್ಲಿ ಮೇಲಕ್ಕೆ ಸಾಗಿಸುತ್ತಾರೆ. ದಡದ ಬಹುಪಾಲು ಬಾಸ್‌ಗಳು ಹುಟ್ಟುವುದು ಇದೇ ಚೆಸಪೀಕ್‌ನಲ್ಲಿ. ಅಲ್ಲಿನ ಮೇರಿಲ್ಯಾಂಡ್ ರಾಜ್ಯ ಪ್ರತಿ ಬೇಸಿಗೆ ಮರಿ ಬಾಸ್‌ಗಳನ್ನು ಎಣಿಸಿ ಕೊಡುವ ಸೂಚ್ಯಂಕದ ದೀರ್ಘಕಾಲದ ಸರಾಸರಿ ಹನ್ನೊಂದು. 2023ರಲ್ಲಿ ಸಿಕ್ಕಿದ್ದು 1.0. ಇದಕ್ಕೆ ಈಲ್ ಎರೆಯೇ ಕಾರಣ ಎಂದು ಹೇಳುವಷ್ಟು ಮೂರ್ಖ ನಾನಲ್ಲ. ತೊಟ್ಟಿಲಿಗೆ ಬರುವ ನೀರನ್ನು ತಿಳಿಯಾಗಿಸುವ ಕೆಲಸದಲ್ಲಿ ಪಾಲುದಾರನಾದ ಮೀನನ್ನು ಅದೇ ತೊಟ್ಟಿಲ ಮಗುವಿಗೆ ಹಾಕುವ ಗಾಳಕ್ಕೆ ಚುಚ್ಚುವುದರಲ್ಲಿ ಜಾಣತನ ಏನೂ ಕಾಣುವುದಿಲ್ಲ ಎಂದಷ್ಟೇ.

ಇನ್ನು ಈಲ್ ಪಕ್ಷದ ಇಡೀ ವಾದದ ಬುಡಕ್ಕೇ ನೀರು ಬಿಡುವ ಸಂಗತಿ. ಆಯೋಗದ 2023ರ ತುರ್ತು ಆದೇಶದ ನಂತರ, ಕಡಲ ದಡದಲ್ಲಿ ದಿನಕ್ಕೆ ಇಟ್ಟುಕೊಳ್ಳಲು ಅವಕಾಶವಿರುವುದು 28ರಿಂದ 31 ಅಂಗುಲದ ಒಂದೇ ಒಂದು ಬಾಸ್. 31 ಅಂಗುಲ ಮೀರಿದ್ದೆಲ್ಲ ವಾಪಸ್ ನೀರಿಗೆ. ಈಲ್ ಯಾಕೆ ಬೇಕು ಎಂದರೆ ದೊಡ್ಡ ಮೀನಿಗೆ ಎನ್ನುತ್ತಾರೆ. ಆ ದೊಡ್ಡ ಮೀನನ್ನು ಮನೆಗೊಯ್ಯುವಂತಿಲ್ಲ. ಅಡುಗೆಗೆ ಆಗುವ ಗಾತ್ರದ ಮೀನಿಗೆ ಪ್ಲಗ್ ಸಾಕೆಂದು ಅವರೇ ಒಪ್ಪುತ್ತಾರೆ. ಹಾಗಾದರೆ ಈಲ್‌ನ ಜೀವ ಹೋದದ್ದು ಯಾತಕ್ಕೆ? ಫೋಟೋಕ್ಕೆ. ತಲೆಗೆ ಕಟ್ಟಿದ ದೀಪದ ಬೆಳಕಲ್ಲಿ ಒಂದು ನಗು, ಆಮೇಲೆ ಬಾಸ್ ನೀರಿಗೆ. ಹೊಟ್ಟೆಪಾಡಿಗೆ ಎರೆ ಹಾಕುವ ಬೆಸ್ತನ ಬಾಯಲ್ಲಿ ಈಲ್ ಬೇಕೇಬೇಕು ಎಂಬ ಮಾತು ಬಂದರೆ ತಲೆಬಾಗಿ ಕೇಳುತ್ತೇನೆ. ಬಿಟ್ಟುಬಿಡಲೆಂದೇ ಹಿಡಿಯುವವನ ಬಾಯಲ್ಲಿ ಅದು ಒಪ್ಪುವುದಿಲ್ಲ.

ಹಾಗೆಂದು ಕೃತಕ ಎರೆಯ ಮಡಿವಂತರ ಪಂಕ್ತಿಯಲ್ಲಿ ನನಗೆ ಎಲೆ ಹಾಕಬೇಡಿ. ಅವರ ದೋಷವೂ ಕಡಿಮೆಯಿಲ್ಲ. ಪ್ಲಗ್ಗಿನ ಹೊಟ್ಟೆಗೊಂದು ಬಾಲಕ್ಕೊಂದು ಮೂರು ಮೊನೆಯ ಗಾಳ, ಒಟ್ಟು ಆರು ಮೊನೆ. ಒಂದು ಬಾಯಿಗೆ ಸಿಕ್ಕಿದರೆ ಇನ್ನೊಂದು ಕಣ್ಣಿಗೋ ಕಿವಿರಿಗೋ. ಅದನ್ನು ಇಕ್ಕಳದಿಂದ ಬಿಡಿಸುವಷ್ಟರಲ್ಲಿ ಮೀನು ಮರಳಲ್ಲಿ ಹೊರಳಿ ಅರೆಜೀವ. ಈಲ್ ಎಸೆಯುವವನನ್ನು ಕಟುಕ ಎನ್ನುವ ಮುಂಚೆ ತಮ್ಮ ಪ್ಲಗ್ಗಿಗೆ ಒಂಟಿ ಗಾಳ ಹಾಕಿ, ಹಿಮ್ಮುಳ್ಳನ್ನು ಒತ್ತಿ ಚಪ್ಪಟೆ ಮಾಡಿದ್ದಾರೆಯೇ ನೋಡಿಕೊಳ್ಳಲಿ. ಮತ್ತೆ ಕೆಲವರಿಗೆ ಪ್ಲಗ್ ಎಂದರೆ ಕಪಾಟಿನ ಆಭರಣ, ನೀರು ತಾಗಿಸಿದರೆ ಬೆಲೆ ಹೋಗುತ್ತದೆಂಬ ಚಿಂತೆ. ಅವರ ಜತೆ ನನಗೆ ಮಾತೇ ಇಲ್ಲ. 1940ರ ದಶಕದಲ್ಲಿ ಆಟಮ್ ಎಂಬ ಪ್ಲಗ್ ಮಾಡಿ ಮಾರಿದ ಬಾಬ್ ಪಾಂಡ್ ಎಂಬುವರಿದ್ದರು. ಅವರು 1965ರಲ್ಲಿ ಸ್ಟ್ರೈಪರ್ಸ್ ಅನ್‌ಲಿಮಿಟೆಡ್ ಎಂಬ ಸಂಸ್ಥೆ ಕಟ್ಟಿ, ಬಾಸ್‌ನ ಮೊಟ್ಟೆ ಮರಿಗಳಿಗೆ ಏನಾಗುತ್ತಿದೆ ಎಂದು ಚೆಸಪೀಕ್‌ನ ನದಿಗಳಲ್ಲಿ ಹುಡುಕಿಕೊಂಡು ಓಡಾಡಿದರು. ಎಂಬತ್ತರ ದಶಕದಲ್ಲಿ ಸಂತತಿ ನೆಲಕಚ್ಚಿ, 1985ರಿಂದ ಐದು ವರ್ಷ ಮೇರಿಲ್ಯಾಂಡ್ ಬಾಸ್ ಹಿಡಿಯುವುದನ್ನೇ ನಿಷೇಧಿಸಿದಾಗ ಅವರ ಎಚ್ಚರಿಕೆಗೆ ಬೆಲೆ ಬಂತು. ಪ್ಲಗ್ ಪಕ್ಷದಲ್ಲಿ ಅಂಥವರ ಕೊರತೆಯಿದೆ.

ಈಲ್ ಗೆಲ್ಲುತ್ತದೆ ಎನ್ನುವವರಿಗೆ ನನ್ನದೊಂದು ಸವಾಲು, ಖರ್ಚಿಲ್ಲದ್ದು. ಒಂದೇ ರಾತ್ರಿ, ಒಂದೇ ಇಳಿತ, ಪಕ್ಕಪಕ್ಕದ ಎರಡು ಬಂಡೆ, ಇಬ್ಬರು. ಒಬ್ಬನ ದಾರದಲ್ಲಿ ಈಲ್, ಇನ್ನೊಬ್ಬನದರಲ್ಲಿ ಹತ್ತಿರಹತ್ತಿರ ಅಷ್ಟೇ ಉದ್ದದ ಕಪ್ಪು ಪ್ಲಗ್, ಅಥವಾ ಈಲ್ ಆಕಾರದ ಮೆತ್ತನೆಯ ರಬ್ಬರ್. ಸುತ್ತುವ ವೇಗ ಒಂದೇ, ನಿದ್ದೆ ಬರುವಷ್ಟು ಮೆಲ್ಲಗೆ. ಅರ್ಧ ಗಂಟೆಗೊಮ್ಮೆ ಎರೆ ಅದಲುಬದಲು, ಗಂಟೆಗೊಮ್ಮೆ ಬಂಡೆ ಅದಲುಬದಲು. ಸಿಕ್ಕಿದ್ದನ್ನು ಮಾತ್ರವಲ್ಲ, ಏನೂ ಸಿಗದ ಗಂಟೆಗಳನ್ನೂ ಬರೆದಿಡಬೇಕು. ಒಂದು ಹಂಗಾಮು ಪೂರ್ತಿ ಹೀಗೆ ನಡೆಸಿ ಈಲ್‌ನ ಮೀನುಗಳೇ ದೊಡ್ಡವೆಂದು ತೋರಿಸಿದರೆ ಈ ಬರಹವನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಚಳಿಗಾಲದಲ್ಲಿ, ಕೋಲುಗಳೆಲ್ಲ ಗೋಡೆಗೆ ಒರಗಿರುವಾಗ, ಈ ಸವಾಲಿಗೆ ಒಪ್ಪದವರನ್ನು ನಾನು ಕಂಡಿಲ್ಲ. ಅಕ್ಟೋಬರ್‌ನಲ್ಲಿ ಮೀನು ದಡಕ್ಕೆ ಬಂದ ರಾತ್ರಿ, ಈಲ್ ಬಿಚ್ಚಿ ಪ್ಲಗ್ ಕಟ್ಟುವ ಸರದಿ ಬಂದವನಿಗೆ ಮಾತ್ರ ಒಪ್ಪಂದ ನೆನಪಿರುವುದಿಲ್ಲ.